ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಆಕಾರದಲ್ಲಿ ಕಿಣ್ವಗಳ ಪಾತ್ರವೇನು?

ಪ್ರಶ್ನೆ: ಉಪನ್ಯಾಸಕಿ, ಉಡುಪಿ

ನಾನು ಇಲ್ಲಿನ ಪದವಿಪೂರ್ವ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂದರೆ ಕೋಶದೊಳಗೆ ಹಬ್ಬಿರುವ ಪೊರೆಯ ನಳಿಕೆ, ಹಾಳೆಗಳ ಜಾಲ. ರೆಟಿಕ್ಯುಲಮ್ ಎಂಬ ಲ್ಯಾಟಿನ್ ಪದಕ್ಕೆ ಪುಟ್ಟ ಬಲೆ ಎಂದೇ ಅರ್ಥವಿರುವುದರಿಂದ, ಮಲ್ಪೆ ಬಂದರಿನಲ್ಲಿ ಹರಡಿಕೊಂಡು ಕುಳಿತು ದುರಸ್ತಿ ಮಾಡುವ ಮೀನುಬಲೆಯನ್ನು ತರಗತಿಯಲ್ಲಿ ನೆನಪಿಸುವುದು ನನ್ನ ರೂಢಿ. ಮೊನ್ನೆ ಒಬ್ಬಳು ವಿದ್ಯಾರ್ಥಿನಿ, "ಬಲೆಗೆ ಗಂಟು ಹಾಕುವವರು ಮನುಷ್ಯರು, ಕೋಶದೊಳಗೆ ಹಾಕುವವರು ಯಾರು ಮೇಡಂ?" ಎಂದು ಕೇಳಿದಳು. ಇದರಲ್ಲಿ ಕಿಣ್ವಗಳ ಕೈವಾಡವಿದೆಯೆ?

ಉತ್ತರ: ಸಂಶೋಧನಾ ವಿದ್ಯಾರ್ಥಿ, ಮಂಗಳೂರು

ಇದೆ, ಮೇಡಂ. ಆ ಕೆಲಸ ಮಾಡುವುದು ಅಟ್ಲಾಸ್ಟಿನ್ ಎಂಬ ಕಿಣ್ವವೆಂದು 2009ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿಕೊಟ್ಟವು. ಎದುರುಬದುರಾದ ಎರಡು ನಳಿಕೆಗಳ ಪೊರೆಯಲ್ಲಿ ನೆಟ್ಟಿರುವ ಅಟ್ಲಾಸ್ಟಿನ್ ಅಣುಗಳು ಪರಸ್ಪರ ಜೋಡಿಯಾಗುತ್ತವೆ. ಅವು ಹಿಡಿದುಕೊಂಡಿರುವ ಜಿಟಿಪಿ (ಕೋಶದ ಕೆಲಸಗಳಿಗೆ ಶಕ್ತಿ ಒದಗಿಸುವ ಒಂದು ಸಂಯುಕ್ತ) ಒಡೆಯುವಾಗ ಸಿಗುವ ಶಕ್ತಿಯಿಂದ ಅಣುಗಳ ವಿನ್ಯಾಸ ಬದಲಾಗಿ, ಪೊರೆಗಳು ತಾಗುವಷ್ಟು ಹತ್ತಿರ ಬಂದು ಬೆಸೆದುಕೊಳ್ಳುತ್ತವೆ. ಮೂರು ನಳಿಕೆ ಕೂಡುವ ಕವಲುಗಳು ಹುಟ್ಟುವುದು ಹೀಗೆ.

ಬಲೆಯ ಹೋಲಿಕೆಯನ್ನು ಮಾತ್ರ ತುಸು ತಿದ್ದಬೇಕೆನಿಸುತ್ತದೆ. ಬಲೆಯ ನೂಲು ಗಟ್ಟಿ, ಇಲ್ಲಿಯದು ಟೊಳ್ಳು. ಬೆಸೆದ ಮೇಲೆ ಒಳಗಿನ ಅವಕಾಶವೂ ಒಂದೇ ಆಗುತ್ತದೆ. ಆದ್ದರಿಂದ ತೋಟದ ನೀರಿನ ಪೈಪಿಗೆ 'ಟೀ' ಕೂಡಿಸಿದ ಹಾಗೆ ಎಂದರೆ ಹೆಚ್ಚು ಸರಿಯಾದೀತು. ಮನುಷ್ಯರಲ್ಲಿ ಅಟ್ಲಾಸ್ಟಿನ್-1ರ ಜೀನ್ ಕೆಟ್ಟರೆ ಕಾಲುಗಳು ಬಿಗಿದುಕೊಂಡು ನಡಿಗೆ ಕಷ್ಟವಾಗುವ ಆನುವಂಶಿಕ ಕಾಯಿಲೆ ಬರುತ್ತದೆ. ಅದರಲ್ಲಿ ಸೊರಗುವುದು ಮಿದುಳಿನಿಂದ ಬೆನ್ನುಹುರಿಯೊಳಗೆ ಬಹುದೂರ ಚಾಚಿರುವ ನರತಂತುಗಳು.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಸುರತ್ಕಲ್

ಒಂದು ಮಾತು ಸೇರಿಸುತ್ತೇನೆ. ನಳಿಕೆಗೆ ಬಾಗು ಕೊಡುವ ರೆಟಿಕ್ಯುಲಾನ್‌ಗಳು ಕಿಣ್ವಗಳಲ್ಲ, ಪೊರೆಯೊಳಗೆ ಬೆಣೆಯಂತೆ ಹೊಕ್ಕು ಅದನ್ನು ಬಗ್ಗಿಸುವ ಪ್ರೋಟೀನುಗಳು. ಎರಡನ್ನೂ ಬೆರೆಸಿ ಹೇಳಬಾರದು. ಕಿಣ್ವಗಳು ಆಕಾರವನ್ನು ಪ್ರಭಾವಿಸುವ ಇನ್ನೊಂದು ದಾರಿ ಪೊರೆಗೆ ಬೇಕಾದ ಕೊಬ್ಬಿನ ಪೂರೈಕೆ, ನನಗೆ ಬಹಳ ಸೋಜಿಗವೆನಿಸುವುದೂ ಅದೇ. ಲಿಪಿನ್ ಎಂಬ ಕಿಣ್ವ ಫಾಸ್ಫಾಟಿಡಿಕ್ ಆಮ್ಲವೆಂಬ ಕೊಬ್ಬಿನ ಕಚ್ಚಾವಸ್ತುವಿನಿಂದ ಫಾಸ್ಫೇಟನ್ನು ಕಿತ್ತು, ಅದನ್ನು ಡೈಅಸೈಲ್‌ಗ್ಲಿಸರಾಲ್ ಆಗಿಸಿ, ಶೇಖರಣೆಯ ಕೊಬ್ಬಿನ ಕಡೆಗೆ ಹೊರಳಿಸುತ್ತದೆ. ಯೀಸ್ಟ್‌ನಲ್ಲಿ ಇದೇ ಬಗೆಯ ಕಿಣ್ವವನ್ನು ಇಲ್ಲವಾಗಿಸಿದರೆ ಆ ಆಮ್ಲ ಪೊರೆಯ ಫಾಸ್ಫೋಲಿಪಿಡ್‌ಗಳಿಗೇ ಹೋಗಿ, ಕೋಶಕೇಂದ್ರದ ಹೊದಿಕೆಯೂ ಅದಕ್ಕೆ ಅಂಟಿಕೊಂಡ ರೆಟಿಕ್ಯುಲಮ್ ಪೊರೆಯೂ ಮಿತಿಮೀರಿ ಹಬ್ಬುತ್ತವೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಇಷ್ಟು ದಿನ ಬೋರ್ಡಿನ ಮೇಲೆ ಈ ಜಾಲವನ್ನು ಒಂಟಿ ಗೆರೆಯಲ್ಲಿ ಬರೆಯುತ್ತಿದ್ದೆ. ನಾಳೆ ಜೋಡಿಗೆರೆಯಲ್ಲಿ ಬರೆದು, ಕವಲುಗಳನ್ನು ದಾಟಿಸಿ ಒಳಗೆಲ್ಲ ಒಂದೇ ಬಣ್ಣದ ಸೀಮೆಸುಣ್ಣ ತುಂಬುತ್ತೇನೆ.