ಸ್ನೇಹಿತರು ಸೇರಿ ಮದುವೆ ಅಲಂಕಾರದ ಉದ್ಯಮ ನಡೆಸುತ್ತಿರುವವರು ಹೇಗೆ ಆರಂಭಿಸಿದಿರಿ?

ಪ್ರಶ್ನೆ (ಶಿಡ್ಲಘಟ್ಟದಿಂದ)

ನಮಸ್ಕಾರ. ನಾವು ಕಾಲೇಜಿನ ದಿನಗಳಿಂದ ಜೊತೆಗಿರುವ ಇಬ್ಬರು ಗೆಳತಿಯರು. ಅವಳಿಗೆ ಹೂ ಕಟ್ಟುವುದು, ಬಣ್ಣ ಹೊಂದಿಸುವುದು ಚೆನ್ನಾಗಿ ಒಲಿದಿದೆ. ನಾನು ಖಾಸಗಿ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತೇನೆ. ನೆಂಟರಿಷ್ಟರ ಮನೆಯ ಸೀಮಂತ, ನಾಮಕರಣಗಳಿಗೆ ಅಲಂಕಾರ ಮಾಡಿಕೊಟ್ಟು ಅಭ್ಯಾಸವಾಗಿರುವುದರಿಂದ ಇನ್ನು ಮುಂದೆ ಮದುವೆಗಳನ್ನು ಪೂರ್ತಿಯಾಗಿ ಒಪ್ಪಿಕೊಳ್ಳುವ ಯೋಚನೆಯಿದೆ. ಸ್ನೇಹದ ನಡುವೆ ದುಡ್ಡು ಬಂದರೆ ಎರಡೂ ಉಳಿಯುವುದಿಲ್ಲ ಎಂಬುದು ಮನೆಯವರ ವಾದ. ಈ ಕೆಲಸದಲ್ಲಿರುವ ಸ್ನೇಹಿತರು ಹೇಗೆ ಒಂದಾದಿರಿ, ಕೆಲಸವನ್ನೂ ಹಣವನ್ನೂ ಹೇಗೆ ಹಂಚಿಕೊಂಡಿರಿ, ಆಷಾಢದಲ್ಲಿ ಏನು ಮಾಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ 1 (ಚಿಕ್ಕಬಳ್ಳಾಪುರ, ಅಲಂಕಾರದ ಕೆಲಸದವರು)

ನಾವು ಮೂವರು. ಒಬ್ಬನ ಮನೆಯಲ್ಲಿ ಸೇವಂತಿಗೆ ತೋಟ, ಇನ್ನೊಬ್ಬನ ತಂದೆಯದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ವ್ಯವಹಾರ, ನನ್ನದು ಫೋಟೊ ಸ್ಟುಡಿಯೊ. ಮುಹೂರ್ತವಿದ್ದ ದಿನಗಳಲ್ಲಿ ಮೂವರೂ ಒಂದೇ ಛತ್ರದಲ್ಲಿ ಎದುರಾಗುತ್ತಿದ್ದೆವು. ಹೆಣ್ಣಿನ ಕಡೆಯವರು ನನ್ನನ್ನು “ಹೂವಿನವರು ಯಾರಾದರೂ ಗೊತ್ತೇ?” ಎಂದು ಕೇಳುತ್ತಿದ್ದರು, ಹೂವಿನವನನ್ನು ಶಾಮಿಯಾನದವರ ಬಗ್ಗೆ ಕೇಳುತ್ತಿದ್ದರು. ಹೀಗೆ ಒಬ್ಬರು ಇನ್ನೊಬ್ಬರಿಗೆ ಕೆಲಸ ಕೊಡಿಸುತ್ತಲೇ ಇದ್ದುದರಿಂದ ಉದ್ಯಮ ಆಗಲೇ ನಡೆಯುತ್ತಿತ್ತು. ನಾವು ಅದಕ್ಕೊಂದು ಹೆಸರನ್ನೂ ಒಂದು ಬ್ಯಾಂಕ್ ಖಾತೆಯನ್ನೂ ಕೊಟ್ಟೆವು, ಅಷ್ಟೇ.

ಈ ಕೆಲಸ ಒಬ್ಬರಿಂದ ಆಗುವುದಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ನಮ್ಮ ಕಡೆ ಹಿಂದಿನ ಸಂಜೆ ಆರತಕ್ಷತೆ, ಮರುದಿನ ಬೆಳಗ್ಗೆ ಧಾರೆ. ಊಟ ಮುಗಿಸಿ ಜನ ಚದುರಿದ ಮೇಲೆ ಆರತಕ್ಷತೆಯ ವೇದಿಕೆಯನ್ನು ಬಿಚ್ಚಿ, ಬೆಳಗಾಗುವುದರೊಳಗೆ ಬಾಳೆಕಂದು, ಮಾವಿನ ತೋರಣ, ಹೂವಿನ ಸರಗಳ ಸಮೇತ ಧಾರೆ ಮಂಟಪ ಸಿದ್ಧವಾಗಬೇಕು. ಆ ನಡುರಾತ್ರಿಯಲ್ಲೇ ಹೂವಿನ ಗಾಡಿ ಬರುತ್ತದೆ, ಛತ್ರದ ಮ್ಯಾನೇಜರು ಜನರೇಟರ್ ಬಗ್ಗೆ ತಕರಾರು ತೆಗೆಯುತ್ತಾರೆ, ವರನ ಸೋದರಮಾವ ಮಂಟಪದ ಬಣ್ಣ ಬದಲಿಸಿ ಎನ್ನುತ್ತಾರೆ. ಸಂಬಳದ ಆಳು ಆ ಹೊತ್ತಿಗೆ ಹೊರಟುಬಿಡಬಹುದು, ಪಾಲುದಾರ ಹೊರಡುವುದಿಲ್ಲ.

ಹೂವಿನ ಗುಣವನ್ನು ಇಬ್ಬರೂ ಕಲಿಯಿರಿ, ನಿಮ್ಮ ಗೆಳತಿಯೊಬ್ಬರಿಗೇ ಬಿಡಬೇಡಿ. ಸೇವಂತಿಗೆ, ಚೆಂಡು ಹೂಗಳು ನೀರಿಲ್ಲದೆಯೂ ಮದುವೆ ಮುಗಿಯುವವರೆಗೆ ತಡೆಯುತ್ತವೆ. ಕಾಂಡದ ಗುಲಾಬಿ, ಜರ್ಬೆರಾಗಳಿಗೆ ನೀರು ಬೇಕೇ ಬೇಕು. ಜರ್ಬೆರಾದ ಕಾಂಡ ಟೊಳ್ಳಾದ್ದರಿಂದ ತಂತಿಯ ಆಸರೆ ಕೊಡದಿದ್ದರೆ ತಲೆ ಬಾಗಿಸುತ್ತದೆ. ಹೂ ಚುಚ್ಚುವ ಹಸಿರು ಫೋಮನ್ನು ನೀರಿನ ಮೇಲಿಟ್ಟು ತಾನಾಗಿ ಮುಳುಗಲು ಬಿಡಬೇಕು. ಕೈಯಿಂದ ಒತ್ತಿ ಮುಳುಗಿಸಿದರೆ ಒಳಗೆ ಒಣ ಜಾಗ ಉಳಿದು, ಅಲ್ಲಿಗೆ ಚುಚ್ಚಿದ ಹೂ ಬೇಗ ಬಾಡುತ್ತದೆ. ನಂದಿ ಬೆಟ್ಟದ ತಪ್ಪಲಿನ ಬಯಲಿನಲ್ಲಿ ಮದುವೆಯಾದರೆ ಇದೆಲ್ಲದರ ಜೊತೆಗೆ ಗಾಳಿಯ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ಆಷಾಢದಲ್ಲಿ ಮದುವೆಗಳಿಲ್ಲದಿದ್ದರೂ ಶುಕ್ರವಾರಗಳಂದು ದೇವಿಯ ಗುಡಿಗಳಿಗೆ ಅಲಂಕಾರ ಬೇಕಾಗುತ್ತದೆ. ಧನುರ್ಮಾಸದಲ್ಲಿ ವೈಕುಂಠ ಏಕಾದಶಿ ಬರುತ್ತದೆ. ಉಳಿದ ದಿನಗಳಲ್ಲಿ ಚೌಕಟ್ಟುಗಳಿಗೆ ಬಣ್ಣ ಬಳಿಯುತ್ತೇವೆ, ಪರದೆಗಳನ್ನು ಒಗೆಸುತ್ತೇವೆ, ಶ್ರಾವಣದ ಮದುವೆ ಮನೆಗಳವರೊಂದಿಗೆ ಮಾತು ಮುಗಿಸುತ್ತೇವೆ.

ಉತ್ತರ 2 (ತುಮಕೂರು, ತೆರಿಗೆ ಸಲಹೆಗಾರ)

ಮೇಲಿನವರು ಹೇಳದೆ ಬಿಟ್ಟ ಒಂದು ವಿಷಯವೆಂದರೆ ಪಾಲುದಾರಿಕೆಯ ಪತ್ರ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಒಪ್ಪಂದವಿಲ್ಲದಿದ್ದರೆ ಲಾಭವನ್ನೂ ನಷ್ಟವನ್ನೂ ಸಮನಾಗಿ ಹಂಚಿಕೊಳ್ಳಬೇಕು. ಒಬ್ಬರು ಹೆಚ್ಚು ಬಂಡವಾಳ ಹಾಕಿದ್ದರೂ, ಇನ್ನೊಬ್ಬರು ಹೆಚ್ಚು ರಾತ್ರಿ ನಿದ್ದೆಗೆಟ್ಟಿದ್ದರೂ ಕಾನೂನು ಅದನ್ನು ತಾನಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಸ್ಥೆಯ ಹೆಸರಿನಲ್ಲಿ ಒಬ್ಬರು ಮಾಡಿದ ಸಾಲಕ್ಕೆ ಇನ್ನೊಬ್ಬರೂ ಪೂರ್ಣವಾಗಿ ಹೊಣೆಯಾಗುತ್ತಾರೆ. ಆದ್ದರಿಂದ ಬಂಡವಾಳ, ಲಾಭದ ಪಾಲು, ದುಡಿಮೆಯ ಸಂಭಾವನೆ, ಒಬ್ಬರು ಹೊರಬಂದರೆ ಸಾಮಗ್ರಿಗಳ ಬೆಲೆ ಕಟ್ಟುವ ರೀತಿ, ಇಷ್ಟನ್ನಾದರೂ ಬರೆಸಿಕೊಳ್ಳಿ. ನೋಂದಣಿ ಕಡ್ಡಾಯವಲ್ಲ, ಆದರೆ ನೋಂದಣಿಯಾಗದ ಸಂಸ್ಥೆಯು ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲಾಗದು.

ತೆರಿಗೆಯ ಬಗ್ಗೆಯೂ ಒಂದು ಮಾತು. ತಾಜಾ ಹೂವಿಗೆ ಜಿಎಸ್‌ಟಿ ಇಲ್ಲವೆಂದು ಅಲಂಕಾರಕ್ಕೂ ಇಲ್ಲವೆಂದು ಅನೇಕರು ಭಾವಿಸುತ್ತಾರೆ. ಅಲಂಕಾರವು ಸೇವೆ, ಅದಕ್ಕೆ ಶೇ. 18ರಷ್ಟು ತೆರಿಗೆಯಿದೆ, ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಮಾಡಿಸಲೇಬೇಕು. ಮನೆಯವರ ಆತಂಕಕ್ಕೆ ಉತ್ತರ ಈ ಕಾಗದಗಳಲ್ಲಿದೆ ಎಂದು ನನಗನ್ನಿಸುತ್ತದೆ, ಏಕೆಂದರೆ ಸ್ನೇಹ ಕೆಡುವುದು ದುಡ್ಡಿನಿಂದ ಎನ್ನುವುದಕ್ಕಿಂತ, ತನ್ನ ಪಾಲೆಷ್ಟೆಂದು ಇಬ್ಬರೂ ಬೇರೆ ಬೇರೆಯಾಗಿ ಊಹಿಸಿಕೊಂಡಿರುವುದರಿಂದ.

ಉತ್ತರ 3 (ಚಿಕ್ಕಬಳ್ಳಾಪುರ ತಾಲ್ಲೂಕು, ಹೂ ಬೆಳೆಗಾರ)

ಬೆಳೆಯುವವನ ಕಡೆಯಿಂದ ಸ್ವಲ್ಪ ಹೇಳುತ್ತೇನೆ ತಾಯಿ. ರೇಷ್ಮೆ ಗೂಡಿನ ದರ ದಿನದಿನಕ್ಕೆ ಏರಿಳಿಯುವುದನ್ನು ಕಂಡಿರುವ ಶಿಡ್ಲಘಟ್ಟದವರಿಗೆ ಹೂವಿನ ದರ ವಿವರಿಸಬೇಕಾಗಿಲ್ಲ. ಶ್ರಾವಣದಲ್ಲಿ ಮದುವೆಗಳ ಜೊತೆಗೆ ವರಮಹಾಲಕ್ಷ್ಮಿ ಹಬ್ಬವೂ ಬರುವುದರಿಂದ ಹಬ್ಬದ ಹಿಂದುಮುಂದಿನ ದರವನ್ನು ಯಾರೂ ತಿಂಗಳ ಮೊದಲೇ ಹೇಳಲಾರರು. ಅದಕ್ಕೇ ನಿಮ್ಮ ಕೊಟೇಶನ್ನಿನಲ್ಲಿ “ಆ ದಿನ ದೊರೆಯುವ ಸಮಾನ ಹೂ” ಎಂಬ ಮಾತು ಇರಲಿ.

ಸೇವಂತಿಗೆ ಹಗಲು ಕಡಿಮೆಯಾದಾಗ ಮೊಗ್ಗು ಬಿಡುವ ಗಿಡ. ನಾವು ರಾತ್ರಿ ತೋಟದಲ್ಲಿ ಬಲ್ಬು ಉರಿಸಿ ಹೂ ಬಿಡುವುದನ್ನು ಮುಂದೂಡುತ್ತೇವೆ, ಬೇಕಾದ ಕಾಲಕ್ಕೆ ದೀಪ ನಿಲ್ಲಿಸುತ್ತೇವೆ. ಈ ಲೆಕ್ಕವೆಲ್ಲ ತಿಂಗಳುಗಳ ಮೊದಲೇ ಆಗಿಬಿಡುವುದರಿಂದ, ದೊಡ್ಡ ಮದುವೆ ಒಪ್ಪಿಕೊಂಡ ಕೂಡಲೇ ತೋಟಕ್ಕೆ ಬಂದು ಬಣ್ಣವನ್ನೂ ದಿನಾಂಕವನ್ನೂ ತಿಳಿಸಿದರೆ ಇಬ್ಬರಿಗೂ ಒಳ್ಳೆಯದು. ಸಣ್ಣ ಕೆಲಸಗಳಿಗೆ ಮಾರುಕಟ್ಟೆಯೇ ಸಾಕು. ಹೂ ಕಟ್ಟುವ ಹೆಂಗಸರಿಗೆ ಮಾರಿನ ಲೆಕ್ಕದಲ್ಲಿ ಅಂದೇ ಕೂಲಿ ಕೊಟ್ಟುಬಿಡಿ, ಮುಂದಿನ ಮುಹೂರ್ತಕ್ಕೆ ಅವರೇ ಬೇಕು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಪತ್ರವನ್ನು ಮೊದಲು ಬರೆಸುತ್ತೇವೆ. ಇನ್ನೊಂದೇ ಸಂದೇಹ: ನಮ್ಮ ಮೊದಲ ಗಿರಾಕಿಗಳು ಬಹುತೇಕ ನೆಂಟರೇ ಆಗುತ್ತಾರೆ. ಅವರಿಗೆ ದರ ಹೇಳುವುದು ಹೇಗೆ?

ಉತ್ತರ 1ರವರು

ನಮ್ಮಲ್ಲಿ ಯಾರ ನೆಂಟರ ಮದುವೆಯೋ ಅವರು ದರದ ಮಾತಿಗೆ ಕೂರುವುದಿಲ್ಲ, ಉಳಿದವರು ಕೂರುತ್ತಾರೆ. ರಿಯಾಯಿತಿ ಕೊಡಬೇಕೆನಿಸಿದರೆ ನೆಂಟನಾದವನು ತನ್ನ ಪಾಲಿನಿಂದ ಕೊಡುತ್ತಾನೆ. ಹೂವಿನ ಹಣ, ಕೂಲಿ, ಗಾಡಿ ಬಾಡಿಗೆ ಯಾರ ಮನೆಯ ಮದುವೆಯಾದರೂ ಪೂರ್ತಿ ಬರಬೇಕು. ನೀವು ಇಬ್ಬರೇ ಇರುವುದರಿಂದ ನಿಮ್ಮ ನೆಂಟರಿಗೆ ಅವರು, ಅವರ ನೆಂಟರಿಗೆ ನೀವು ದರ ಹೇಳಿದರಾಯಿತು.