ಬಣ್ಣದ ಆನೆಗಳ ಹರಾಜಿನಿಂದ ಕಾಡಿನ ಆನೆಗೆ ಸಿಗುವುದೇನು?

ಪ್ರಶ್ನೆ – ಚಿತ್ರಕಲಾ ಶಿಕ್ಷಕಿ, ಮೈಸೂರು

2010ರಲ್ಲಿ ಲಂಡನ್ನಿನ ಬೀದಿ, ಚೌಕ, ಉದ್ಯಾನಗಳಲ್ಲಿ 250ಕ್ಕೂ ಹೆಚ್ಚು ಬಣ್ಣಬಣ್ಣದ ಮರಿಯಾನೆಗಳನ್ನು ನಿಲ್ಲಿಸಿ, ಕೊನೆಗೆ ಅವುಗಳನ್ನು ಹರಾಜು ಹಾಕಿ, ಏಷ್ಯಾದ ಆನೆಗಳ ರಕ್ಷಣೆಗಾಗಿ 40 ಲಕ್ಷ ಪೌಂಡ್‌ಗಳಷ್ಟು ಹಣ ಕೂಡಿಸಿದ ‘ಎಲಿಫೆಂಟ್ ಪರೇಡ್’ ಕುರಿತು ನನ್ನ ಪ್ರೌಢಶಾಲೆಯ ಮಕ್ಕಳಿಗೆ ಪಾಠ ಮಾಡಬೇಕೆಂದಿದ್ದೇನೆ. ಚಿತ್ರಗಳಲ್ಲಿ ನೋಡಿದರೆ ಆನೆಗಳ ಮೈಕಟ್ಟು ಒಂದೇ, ಮೇಲಿನ ಬಣ್ಣ ಮಾತ್ರ ಬೇರೆ. ಕಲಾವಿದರಿಗೆ ತಮ್ಮದೇ ಶಿಲ್ಪ ಮಾಡಲು ಏಕೆ ಬಿಡುವುದಿಲ್ಲ? ತಯಾರಿಯ ಖರ್ಚನ್ನು ಯಾರು ಹೊರುತ್ತಾರೆ? ಇಷ್ಟೆಲ್ಲ ಖರ್ಚು ಮಾಡುವ ಬದಲು ಆ ಹಣವನ್ನು ನೇರವಾಗಿ ಆನೆಗಳಿಗೇ ಕೊಡಬಹುದಿತ್ತಲ್ಲ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಅವರಿಗೆ ಒಪ್ಪುವಂಥ ಉತ್ತರ ನನಗೆ ಬೇಕಾಗಿದೆ.

ಉತ್ತರ 1 – ಶಿಲ್ಪಾಸಕ್ತ

ಈ ಪದ್ಧತಿ ಶುರುವಾದದ್ದು ಆನೆಯಿಂದಲ್ಲ, ಹಸುವಿನಿಂದ. 1998ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದಲ್ಲಿ ವಾಲ್ಟರ್ ಕ್ನಾಪ್ ಅವರ ಕಲಾ ನಿರ್ದೇಶನದಲ್ಲಿ ನೂರಾರು ಫೈಬರ್‌ಗ್ಲಾಸ್ ಹಸುಗಳು ಬೀದಿಗೆ ಬಂದವು. ಅವರ ಮಗ ಪಾಸ್ಕಲ್ ಕ್ನಾಪ್ ನಿಂತ, ಮೇಯುವ, ಮಲಗಿದ ಮೂರು ಭಂಗಿಗಳನ್ನು ರೂಪಿಸಿದ್ದರು. ಮರುವರ್ಷ ಷಿಕಾಗೋ ನಗರ 300ಕ್ಕೂ ಹೆಚ್ಚು ಹಸುಗಳನ್ನು ನಿಲ್ಲಿಸಿತು, ಆಮೇಲೆ ನಡೆದ ಹರಾಜಿನಲ್ಲಿ 30 ಲಕ್ಷ ಡಾಲರಿಗೂ ಹೆಚ್ಚು ಹಣ ದಾನಸಂಸ್ಥೆಗಳಿಗಾಗಿ ಬಂತು. ಅಲ್ಲಿಂದ ಮುಂದೆ ಇದು ಊರಿಂದೂರಿಗೆ ಹಬ್ಬಿತು.

ಒಂದೇ ಮೈಕಟ್ಟಿಗೆ ಮೊದಲ ಕಾರಣ ಖರ್ಚು ಮತ್ತು ಸುರಕ್ಷತೆ. ಒಂದು ಅಚ್ಚು ಸಿದ್ಧವಾದರೆ ಅದರಲ್ಲಿ ಗಾಜಿನ ನಾರು ಮತ್ತು ರಾಳವನ್ನು ಪದರ ಪದರವಾಗಿ ಹಾಸಿ ಬೇಕಾದಷ್ಟು ಪ್ರತಿಗಳನ್ನು ತೆಗೆಯಬಹುದು. ಒಳಗೆ ಟೊಳ್ಳಾದ್ದರಿಂದ ಶಿಲ್ಪ ಹಗುರ. ಆದ್ದರಿಂದಲೇ ಮಕ್ಕಳು ಹತ್ತಿ ಕುಳಿತರೂ ಮಗುಚದಂತೆ ಅದನ್ನು ಕಾಂಕ್ರೀಟ್ ಪೀಠಕ್ಕೆ ಬಿಗಿಯುತ್ತಾರೆ. ಕಲಾವಿದರು ಅದರ ಮೇಲೆ ಸಾಮಾನ್ಯವಾಗಿ ಅಕ್ರಿಲಿಕ್ ಬಣ್ಣ ಹಚ್ಚುತ್ತಾರೆ, ಮೇಲೆ ಮಳೆ ಬಿಸಿಲು ತಡೆಯುವ ವಾರ್ನಿಷ್ ಬೀಳುತ್ತದೆ. ಕಲೆಯ ದೃಷ್ಟಿಯಿಂದಲೂ ಇದು ಕೊರತೆಯಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ರಾಗವನ್ನು ಹತ್ತು ಮಂದಿ ಹಾಡಿದಾಗ ಒಬ್ಬೊಬ್ಬರ ಮನೋಧರ್ಮ ಹೇಗೆ ಎದ್ದು ಕಾಣುತ್ತದೆಯೋ, ಹಾಗೆಯೇ ಇಲ್ಲಿಯೂ ರೂಪ ಸ್ಥಿರವಾಗಿದ್ದರೆ ಬಣ್ಣಗಾರಿಕೆಯ ಭೇದ ಮಕ್ಕಳ ಕಣ್ಣಿಗೂ ತಿಳಿಯುತ್ತದೆ.

ಆದರೆ ಸ್ವಾತಂತ್ರ್ಯಕ್ಕೆ ಮಿತಿ ಇದೆ. 2000ದಲ್ಲಿ ನ್ಯೂಯಾರ್ಕಿನ ಪ್ರದರ್ಶನಕ್ಕೆ ಚಿತ್ರನಿರ್ದೇಶಕ ಡೇವಿಡ್ ಲಿಂಚ್ ಸಿದ್ಧಪಡಿಸಿದ, ತಲೆ ಕತ್ತರಿಸಿ ಮೈಗೆ ಫೋರ್ಕ್ ಚುಚ್ಚಿದ ಹಸುವನ್ನು ಬೀದಿಯಲ್ಲಿ ನಿಲ್ಲಿಸಲು ಅನುಮತಿ ಸಿಗಲಿಲ್ಲ.

ಉತ್ತರ 2 – ವನ್ಯಜೀವಿ ಓದುಗ

‘ನೇರವಾಗಿ ಕೊಡಬಹುದಿತ್ತಲ್ಲ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಸಾಮಾನ್ಯವಾಗಿ ಶಿಲ್ಪದ ತಯಾರಿ, ಸಾಗಣೆ, ಕಲಾವಿದರ ಗೌರವಧನ ಇವುಗಳನ್ನು ಪ್ರಾಯೋಜಕ ಕಂಪನಿಗಳು ಭರಿಸುತ್ತವೆ. ಅದು ಹೆಚ್ಚಾಗಿ ಅವರ ಪ್ರಚಾರದ ಬಾಬ್ತಿನ ಹಣ, ಇಲ್ಲದಿದ್ದರೆ ಇನ್ನೊಂದು ಜಾಹೀರಾತಿಗೆ ಹೋಗುತ್ತಿತ್ತು. ಹರಾಜು ಕೂಗುವವರಿಗೂ ತಮ್ಮ ತೋಟದಲ್ಲಿ ನಿಲ್ಲಿಸಲು ಒಂದು ಆನೆ ಬೇಕಿರುತ್ತದೆ. ಹಾಗಾಗಿ ಆನೆಗಳ ಪಾಲಿನ ಹಣವನ್ನು ಬಣ್ಣಕ್ಕೆ ಸುರಿದರು ಎನ್ನಲಾಗದು. ಆದರೂ ಹರಾಜಿನ ಹಣದಲ್ಲಿ ಎಷ್ಟು ಪಾಲು ಯಾರಿಗೆ ಹೋಯಿತು, ಅದರಿಂದ ಯಾವ ಕೆಲಸ ಆಯಿತು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ನೋಡುಗನಿಗೂ ಇದೆ, ಕೇಳಲೇಬೇಕು.

ಎಲಿಫೆಂಟ್ ಪರೇಡ್ ಹುಟ್ಟಿದ್ದೇ ಒಂದು ಮರಿಯಿಂದ. ಥಾಯ್ಲೆಂಡಿನ ಮೋಶಾ ಏಳು ತಿಂಗಳ ಮರಿಯಾಗಿದ್ದಾಗ ನೆಲಬಾಂಬ್ ತುಳಿದು ಮುಂಗಾಲು ಕಳೆದುಕೊಂಡಿತು. ಲಾಂಪಾಂಗ್‌ನ ಆನೆ ಆಸ್ಪತ್ರೆಯಲ್ಲಿ ಅದಕ್ಕೆ ಕೃತಕ ಕಾಲು ಜೋಡಿಸಿದರು; ಮರಿ ಬೆಳೆದು ತೂಕ ಏರಿದಂತೆಲ್ಲ ಹೊಸ ಕಾಲು ಮಾಡಿಸಬೇಕಾಯಿತು. ಆ ಮರಿಯನ್ನು 2006ರಲ್ಲಿ ಕಂಡ ಮಾರ್ಕ್ ಸ್ಪಿಟ್ಸ್ ತಮ್ಮ ಮಗ ಮೈಕ್ ಜೊತೆ ಸೇರಿ 2007ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಮೊದಲ ಪ್ರದರ್ಶನ ನಡೆಸಿದರು. ಲಂಡನ್ನಿನಲ್ಲಿ ಅವರಿಗೆ ಜೊತೆಯಾದದ್ದು ಏಷ್ಯಾದ ಆನೆಗಳ ರಕ್ಷಣೆಗಾಗಿ ಇರುವ ಮಾರ್ಕ್ ಶ್ಯಾಂಡ್ ಅವರ ‘ಎಲಿಫೆಂಟ್ ಫ್ಯಾಮಿಲಿ’ ಸಂಸ್ಥೆ. ನಮ್ಮ ಬ್ರಹ್ಮಗಿರಿಗೆ ಹೊಂದಿದ ವಯನಾಡಿನ ತಿರುನೆಲ್ಲಿ–ಕುದ್ರಕೋಟೆ ಆನೆಪಥದಲ್ಲಿ ಇದ್ದ ಕುಟುಂಬಗಳಿಗೆ, ಅವರ ಒಪ್ಪಿಗೆಯ ಮೇಲೆ, ಬೇರೆಡೆ ಜಮೀನು ಮತ್ತು ಮನೆ ಕೊಟ್ಟು ದಾರಿ ಬಿಡಿಸಿದ ಕೆಲಸವನ್ನು ನಡೆಸಿದ್ದು ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ. ಅದಕ್ಕೆ ನೆರವಾದ ಸಂಸ್ಥೆಗಳಲ್ಲಿ ಎಲಿಫೆಂಟ್ ಫ್ಯಾಮಿಲಿಯೂ ಒಂದು. ನಿಮ್ಮ ಮಕ್ಕಳಿಗೆ ಹರಾಜಿನ ಮೊತ್ತಕ್ಕಿಂತ ಮೊದಲು ಇಂಥ ಒಂದು ಆನೆಪಥವನ್ನು ನಕ್ಷೆಯಲ್ಲಿ ತೋರಿಸಿ.

ಉತ್ತರ 3 – ಗೂಡಲೂರು ಕಡೆಯವರು

ಬಣ್ಣವಿಲ್ಲದ ಆನೆಗಳನ್ನೂ ಪಾಠಕ್ಕೆ ಸೇರಿಸಿಕೊಳ್ಳಿ. 2024ರ ಆರಂಭದಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ನಿಂತಿದ್ದ ಲಂಟಾನ ಆನೆಗಳನ್ನು ಮಾಡಿದವರು ನೀಲಗಿರಿ ಸೀಮೆಯ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯಕ, ಸೋಲಿಗ ಕುಶಲಿಗಳು. ಕಾಡನ್ನು ಆವರಿಸಿ ಹುಲ್ಲು ಬೆಳೆಯಗೊಡದ ಲಂಟಾನ ಗಿಡವನ್ನು ಕಡಿದು, ಕಡ್ಡಿಯನ್ನು ನೀರಿನಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಇನ್ನೂ ಬಾಗುವ ಹದದಲ್ಲಿರುವಾಗಲೇ ಕಬ್ಬಿಣದ ಚೌಕಟ್ಟಿನ ಮೇಲೆ ಸುತ್ತಿ ಮೊಳೆ ಹೊಡೆಯುತ್ತಾರೆ. ಹತ್ತಿರ ನಿಂತು ನೋಡಿದರೆ ಕಡ್ಡಿಗಳ ಓಟವೇ ಚರ್ಮದ ಮಡಿಕೆಯಾಗಿ ಕಾಣುತ್ತದೆ. ಇಲ್ಲಿ ಅಚ್ಚಿಲ್ಲ, ಒಂದೊಂದೂ ಆ ಭಾಗದಲ್ಲಿ ಜನರ ನಡುವೆಯೇ ಓಡಾಡುವ ನಿಜವಾದ ಒಂದೊಂದು ಆನೆಯ ರೂಪ. ಇಂಥವೇ ಆನೆಗಳ ಹಿಂಡು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತಿತು, 2024ರಲ್ಲಿ ಅಮೆರಿಕಕ್ಕೂ ಹೋಯಿತು.

ನನಗೆ ಇದು ಹೆಚ್ಚು ಮೆಚ್ಚುಗೆಯಾಗುವುದಕ್ಕೆ ಕಾರಣವಿದೆ: ಫೈಬರ್‌ಗ್ಲಾಸ್ ಶಿಲ್ಪದಿಂದ ಕಾಡಿಗೆ ಉಪಕಾರವಾಗಬೇಕಾದರೆ ಅದು ಮಾರಾಟವಾಗುವ ತನಕ ಕಾಯಬೇಕು, ಲಂಟಾನ ಆನೆಯಲ್ಲಾದರೋ ಮಾರಾಟಕ್ಕೆ ಮೊದಲೇ ಕಾಡಿನಿಂದ ಒಂದಿಷ್ಟು ಕಳೆ ಹೊರಬಂದಿರುತ್ತದೆ, ಆನೆಯ ಜೊತೆ ದಿನವೂ ಬದುಕುವವರಿಗೆ ಕೂಲಿಯೂ ಸಿಕ್ಕಿರುತ್ತದೆ. ಎರಡೂ ಬಗೆಯ ಆನೆಗಳ ಚಿತ್ರಗಳನ್ನು ತರಗತಿಯಲ್ಲಿ ಅಕ್ಕಪಕ್ಕ ಇಟ್ಟು, ಯಾವ ಹಂತದಲ್ಲಿ ಯಾರ ಕೈಗೆ ಹಣ ಸೇರುತ್ತದೆ ಎಂದು ಮಕ್ಕಳಿಂದಲೇ ಬರೆಯಿಸಿ.