ಸಹಾಯ ಬೇಕು: ಪರದೆಯನ್ನು ನಂಬಲೇ, ಗಡಿಯಾರವನ್ನೇ?

ನಮಸ್ಕಾರ. ಪುಣೆ ಹತ್ತಿರದ ಹ್ಯಾಂಗರ್ ಒಂದರಲ್ಲಿ ತಂತ್ರಜ್ಞನಾಗಿದ್ದೇನೆ. ನಮ್ಮ ಸೆಸ್ನಾ 172 ಪುಟ್ಟ ವಿಮಾನದಲ್ಲಿ ಹಾರಾಟದ ಮಾಹಿತಿ ತೋರಿಸುವ ಎಲೆಕ್ಟ್ರಾನಿಕ್ ಪರದೆಗೆ, ವಿದ್ಯುತ್ ಉತ್ಪಾದಿಸುವ ಆಲ್ಟರ್ನೇಟರ್ ಕೈಕೊಟ್ಟಾಗ, ಒಳಗಿನ ಲಿಥಿಯಂ ಅಯಾನ್ ಬ್ಯಾಟರಿಯೇ ಆಸರೆ. ವಾರ್ಷಿಕ ತಪಾಸಣೆಗೆ ಪೂರ್ತಿ ಚಾರ್ಜ್ ಮಾಡಿ, ಮಾಸ್ಟರ್ ಸ್ವಿಚ್ ಆರಿಸಿ, ಗಡಿಯಾರ ಹಿಡಿದು ಕುಳಿತೆ. ಬೆಳಗಿನ ತಂಪಿನಲ್ಲಿ, ಪರದೆಯ ಬೆಳಕು ಮಂದವಿದ್ದಾಗ, 58 ನಿಮಿಷ ನಡೆಯಿತು. ಮರುದಿನ ಮಧ್ಯಾಹ್ನ ಕಾದ ತಗಡಿನ ಸೂರಿನಡಿ, ಪೂರ್ತಿ ಬೆಳಕಿನಲ್ಲಿ, 37ನೇ ನಿಮಿಷಕ್ಕೇ ಕಪ್ಪಾಯಿತು! ಆರುವ ಹೊತ್ತಿಗೂ ಶೇ. 30 ಚಾರ್ಜ್ ಉಳಿದಿದೆ ಎಂದೇ ತೋರಿಸುತ್ತಿತ್ತು, ಮಹಾಸುಳ್ಳಿ. ಕನೆಕ್ಟರ್ ಬಿಚ್ಚಿ ಒರೆಸಿ, ಮತ್ತೆ ಚಾರ್ಜ್ ಮಾಡಿದರೂ ಅದೇ ಕತೆ. ನಮ್ಮ ಕೈಪಿಡಿ ಕೇಳುವುದು 30 ನಿಮಿಷ. ಕಾಗದದ ಮೇಲೆ ಪಾಸು. ಆದರೂ ಸಹಿ ಹಾಕಲು ಕೈ ಏಳುತ್ತಿಲ್ಲ.

ನಿಮಿಷಗಳು ಸಾಕಷ್ಟಿದ್ದರೂ ಹೀಗೆ ಚಾರ್ಜ್ ತೋರಿಸುತ್ತಲೇ ಆರಿಹೋಗುವ ಬ್ಯಾಟರಿಯನ್ನು ನೀವು ಬದಲಿಸುತ್ತೀರಾ, ಪಾಸು ಮಾಡುತ್ತೀರಾ?